ಬಣ್ಣದ ಗುಡಾರ

ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಗ ನಮ್ಮ ಮನೆಗೆ ಬಂದಿದ್ದಾಗ ನಡೆದ ಒಂದು ಸಣ್ಣ ಘಟನೆಯಿಂದ ಈ ಬರಹವನ್ನು ಆರಂಭಿಸುತ್ತೇನೆ. ಸಣ್ಣ ಘಟನೆಯನ್ನು ಎಳೆದು ಉದ್ದ ಮಾಡುವ ಚಟ ಇತಿಹಾಸದ ಮೇಷ್ಟರುಗಳಿಗೆ ಇರುತ್ತದೆ. ಮೂವತ್ತೈದು ವರ್ಷ ಪ್ರೌಢಶಾಲೆಯಲ್ಲಿ ಪಾಠ ಹೇಳಿದ ನನಗೂ ಅದು ತಪ್ಪಿಲ್ಲ. ಓದುಗ ಮಿತ್ರರು ಕ್ಷಮಿಸಬೇಕು.

ಹಣ್ಣಿನ ಪೆಟ್ಟಿಗೆಯ ಹಲಗೆಗಳನ್ನು ಕುಯ್ದು, ಮೊಳೆ ಹೊಡೆದು, ನಾವಿಬ್ಬರೂ ಸೇರಿ ಗುಬ್ಬಚ್ಚಿಗೊಂದು ಮನೆ ಮಾಡಿದ್ದೆವು. ಅದಕ್ಕೆ ಬಣ್ಣ ಬಳಿಯಬೇಕಲ್ಲ? ನಾನು ಅಟ್ಟದಿಂದ ಹಳೆಯ ಬ್ರಷ್ ತೆಗೆಯಲು ಹೊರಟರೆ ಹುಡುಗ, “ಬ್ರಷ್ ಬೇಡ ತಾತ, ಸ್ಪ್ರೇ ಮಾಡೋಣ” ಎಂದು ಹಟ ಹಿಡಿದ. ಹಾರ್ಡ್‌ವೇರ್ ಅಂಗಡಿಯಿಂದ ನೀಲಿ ಬಣ್ಣದ ಸ್ಪ್ರೇ ಡಬ್ಬಿ ಬಂತು. ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ಅಂಗಳದಲ್ಲಿ ಹಳೆಯ ಪತ್ರಿಕೆ ಹಾಸಿ, ಗುಬ್ಬಿಮನೆಯನ್ನಿಟ್ಟು, ಡಬ್ಬಿಯನ್ನು ಗಡಗಡ ಅಲ್ಲಾಡಿಸಿ ಒತ್ತಿದೆವು. ಅದೇ ಗಳಿಗೆಯಲ್ಲಿ ಬೀಸಿದ ಗಾಳಿ ನಮ್ಮ ನೀಲಿಯನ್ನು ಎತ್ತಿಕೊಂಡು ಹೋಗಿ, ಪಕ್ಕದ ಮನೆಯ ಹಗ್ಗದ ಮೇಲೆ ಒಣಗುತ್ತಿದ್ದ ಬಿಳಿ ಪಂಚೆಯ ಮೇಲೆ ಧಾರಾಳವಾಗಿ ಹಂಚಿತು. ಪಕ್ಕದ ಮನೆಯವರು ಸಜ್ಜನರು. “ಹೋಗ್ಲಿ ಬಿಡಿ ಮೇಷ್ಟ್ರೇ, ಕೃಷ್ಣನ ಬಣ್ಣ ಬಂತು” ಎಂದು ನಕ್ಕರು. ನಮ್ಮ ಮನೆಯಾಕೆ ನಗಲಿಲ್ಲ. ಇತ್ತ ಗುಬ್ಬಿಮನೆಯ ಮೇಲೆ ಅರ್ಧ ಬಣ್ಣ, ಅರ್ಧ ಧೂಳು. ಜೊತೆಗೆ ಒಂದು ಕಟ್ಟಿರುವೆ ಹಸಿ ಬಣ್ಣದಲ್ಲಿ ಸಿಕ್ಕಿ ಒದ್ದಾಡುತ್ತಿತ್ತು.

ಗಾಳಿಯೇ ಶತ್ರುವೆಂದು ನಿರ್ಧರಿಸಿ, ಗಾಳಿಗೆ ಅಡ್ಡವಾಗಿ ಒಂದು ಗುಡಾರ ಕಟ್ಟಲು ಹೊರಟೆವು. ಹಿಂದೆ ಮಂಚದ ಮೇಲೆ ನಿಲ್ಲಿಸುತ್ತಿದ್ದ, ಮಡಚಿಡಬಹುದಾದ ಸೊಳ್ಳೆಪರದೆಯ ಕಬ್ಬಿಣದ ಚೌಕಟ್ಟು ಅಟ್ಟದ ಮೇಲಿತ್ತು. ಅದನ್ನು ಅಂಗಳದಲ್ಲಿ ನಿಲ್ಲಿಸಿ, ಮಳೆಗಾಲದಲ್ಲಿ ಸೌದೆಗೆ ಹೊದಿಸುತ್ತಿದ್ದ ಪ್ಲಾಸ್ಟಿಕ್ ಹಾಳೆಯನ್ನು ಸುತ್ತಿ, ಬಟ್ಟೆಗೆ ಹಾಕುವ ಕ್ಲಿಪ್ಪುಗಳಿಂದ ಬಿಗಿದೆವು. ಬೇಕಾದಾಗ ಬಿಚ್ಚಿ ಬೇರೆಡೆಗೆ ಒಯ್ಯಬಹುದಾದ ಗುಡಾರ ಸಿದ್ಧವಾಯಿತು. ಗಾಳಿ ನುಸುಳಬಾರದೆಂದು ನಾಲ್ಕು ದಿಕ್ಕನ್ನೂ ಮುಚ್ಚಿದ್ದೆವು. ಹುಡುಗನನ್ನು ಹೊರಗೆ ನಿಲ್ಲಿಸಿ, ನಾನೇ ಒಳಗೆ ಕುಕ್ಕರುಗಾಲಿನಲ್ಲಿ ಕುಳಿತು ಡಬ್ಬಿ ಒತ್ತತೊಡಗಿದೆ. ಬಣ್ಣವೇನೋ ಚೆನ್ನಾಗಿ ಕೂರುತ್ತಿತ್ತು. ಆದರೆ ಐದು ನಿಮಿಷ ಕಳೆಯುವುದರೊಳಗೆ ಕಣ್ಣು ಉರಿದು, ಗಂಟಲು ಕಟ್ಟಿ, ತಲೆ ಸಣ್ಣಗೆ ತಿರುಗಲಾರಂಭಿಸಿತು.

ಅಷ್ಟರಲ್ಲಿ ಗೇಟು ತೆರೆದ ಸದ್ದಾಯಿತು. ಮರುಕ್ಷಣ ಯಾರೋ ಪ್ಲಾಸ್ಟಿಕ್ ಸರಿಸಿ, “ಸಾರ್, ಮೊದ್ಲು ಆಚೆಗೆ ಬನ್ನಿ” ಎಂದು ನನ್ನ ತೋಳು ಹಿಡಿದು ಎಳೆದರು. ನೋಡಿದರೆ ನನ್ನ ಹಳೆಯ ವಿದ್ಯಾರ್ಥಿ; ಮಗಳ ಮದುವೆಯ ಕರೆಯೋಲೆ ಕೊಡಲು ಬಂದಿದ್ದವನು. ಎಂಬತ್ತರ ದಶಕದ ಕೊನೆಯಲ್ಲಿ ಎಸ್‌.ಎಸ್‌.ಎಲ್‌.ಸಿ.ಯಲ್ಲಿ ನಪಾಸಾಗಿ, ಗ್ಯಾರೇಜು ಸೇರಿ, ಕಾರುಗಳಿಗೆ ಬಣ್ಣ ಹೊಡೆಯುವ ಕೆಲಸ ಕಲಿತವನು. ನಾನು ಮಾತಾಡುವ ಮೊದಲೇ ಆತ ಗುಡಾರದ ಹಿಂಭಾಗದ ಕ್ಲಿಪ್ಪುಗಳನ್ನು ಕಿತ್ತು, ಇಡೀ ಹಾಳೆಯನ್ನು ಮೇಲಕ್ಕೆ ಸುತ್ತಿಬಿಟ್ಟ. “ಗಾಳಿ ಬರೋಕೊಂದು ದಾರಿ, ಹೋಗೋಕೊಂದು ದಾರಿ ಇರ್ಬೇಕು ಸಾರ್. ಇಲ್ದಿದ್ರೆ ಚೀಲದೊಳಗೆ ತಲೆ ಹಾಕ್ಕೊಂಡಂಗಾಯ್ತದೆ” ಎಂದ. ಎಂದವನೇ ಕೆಮ್ಮತೊಡಗಿದ. ಗುಡಾರದಲ್ಲಿದ್ದವನು ನಾನು, ನನ್ನ ಕೆಮ್ಮು ನಿಂತ ಮೇಲೂ ಅವನದು ನಿಲ್ಲಲಿಲ್ಲ.

ಅವನ ಕೆಮ್ಮಿನ ಕಥೆಗೆ ಆಮೇಲೆ ಬರುತ್ತೇನೆ. ಅಂದು ರಾತ್ರಿ ನನ್ನನ್ನು ಕಾಡಿದ ಪ್ರಶ್ನೆ ಇಷ್ಟೇ: ನಾವು ಗುಡಾರ ಕಟ್ಟಿದ್ದು ಯಾರಿಗಾಗಿ? ಬಣ್ಣಕ್ಕಾಗಿಯೋ, ಬಣ್ಣ ಹೊಡೆಯುವವನಿಗಾಗಿಯೋ? ಈ ಪ್ರಶ್ನೆಯನ್ನು ಹಿಡಿದು ಹಿಂದಕ್ಕೆ ಹೋದರೆ ಒಂದು ಸ್ವಾರಸ್ಯಕರವಾದ ಇತಿಹಾಸ ತೆರೆದುಕೊಳ್ಳುತ್ತದೆ.

ಬಣ್ಣವನ್ನು ಎರಚಿ ಚಿತ್ರ ಬರೆಯುವುದು ಹೊಸ ವಿದ್ಯೆಯೇನಲ್ಲ. ನಮ್ಮ ಶಾಲೆಗಳ ಡ್ರಾಯಿಂಗ್ ತರಗತಿಯಲ್ಲಿ ಕಾಗದದ ಮೇಲೆ ಎಲೆಯನ್ನಿಟ್ಟು, ಹಲ್ಲುಜ್ಜುವ ಬ್ರಷ್ಷನ್ನು ಬಣ್ಣದಲ್ಲಿ ಅದ್ದಿ ಬಾಚಣಿಗೆಗೆ ಉಜ್ಜಿ ಹನಿ ಸಿಡಿಸುತ್ತಿದ್ದುದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಎಲೆಯನ್ನು ತೆಗೆದರೆ ಅದರ ಆಕಾರ ಬೆಳ್ಳಗೆ ಉಳಿಯುತ್ತಿತ್ತು. ಇಂಡೋನೇಷ್ಯಾದ ಸುಲವೇಸಿ ದ್ವೀಪದ ಗುಹೆಯೊಂದರಲ್ಲಿ ಇದೇ ಕ್ರಮದಲ್ಲಿ ಮೂಡಿಸಿದ ಅಂಗೈ ಗುರುತು ಕನಿಷ್ಠ 39,900 ವರ್ಷ ಹಳೆಯದೆಂದು 2014ರಲ್ಲಿ ಪ್ರಕಟವಾಯಿತು. ಬಂಡೆಯ ಮೇಲೆ ಕೈಯಿಟ್ಟು ಅದರ ಸುತ್ತ ಕೆಮ್ಮಣ್ಣಿನ ಬಣ್ಣವನ್ನು ಊದಿ ಮಾಡಿದ ಗುರುತು ಅದು. ಗಾಳಿಮಳೆ ತಾಗದ ಗುಹೆಯ ಗೋಡೆಯಾದುದರಿಂದಲೇ ಅದು ನಮ್ಮ ಕಾಲದವರೆಗೂ ಉಳಿದು ಬಂದಿದೆ.

ಬಣ್ಣಕ್ಕೆ ಪ್ರತ್ಯೇಕವಾದ ಮನೆಯನ್ನೇ ಕಟ್ಟಿದವರಲ್ಲಿ ಜಪಾನಿನ ಅರಗುಗೆಲಸದವರು ಮುಖ್ಯರು. ಅವರು ಬಳಸುವ ‘ಉರುಷಿ’ ಒಂದು ಬಗೆಯ ಮರದ ಹಾಲು. ನಮ್ಮ ಬಣ್ಣಗಳಂತೆ ಅದು ಬಿಸಿಲಿನಲ್ಲಿ ಒಣಗುವುದಿಲ್ಲ. ಗಟ್ಟಿಯಾಗಲು ಬೆಚ್ಚಗಿನ, ತೇವಭರಿತ ಗಾಳಿ ಬೇಕು. ಅದಕ್ಕಾಗಿ ಅವರು ಮರದ ಬೀರುವೊಂದನ್ನು ಇಟ್ಟುಕೊಂಡು, ಒಳಗೋಡೆಗಳನ್ನು ಒದ್ದೆ ಮಾಡಿ, ಬಣ್ಣ ಬಳಿದ ಬಟ್ಟಲುಗಳನ್ನು ಅದರೊಳಗೆ ಜೋಡಿಸುತ್ತಾರೆ. ಆ ಬೀರುವಿಗೆ ಸ್ನಾನದ ಮನೆ ಎಂಬರ್ಥದ ‘ಫುರೋ’ ಎಂಬ ಹೆಸರೂ ಉಂಟು. ತೇವ ಕೊಡುವುದರ ಜೊತೆಗೆ ಧೂಳನ್ನು ದೂರವಿಡುವುದೂ ಅದರ ಕೆಲಸ. ಹಸಿ ಉರುಷಿ ಮೈಗೆ ತಾಗಿದರೆ ತುರಿಕೆಯೆದ್ದು ಬೊಬ್ಬೆ ಬರುತ್ತದೆ. ಬೀರು ಬಟ್ಟಲನ್ನು ಕಾಯುತ್ತಿತ್ತು. ಕುಶಲಕರ್ಮಿಯ ಚರ್ಮವನ್ನು ಕಾಯಲು ಅಂಥದೇನೂ ಇರಲಿಲ್ಲ.

19ನೆಯ ಶತಮಾನದ ಯೂರೋಪು, ಅಮೆರಿಕೆಗಳ ಕುದುರೆಗಾಡಿ ಕಾರ್ಖಾನೆಗಳಲ್ಲೂ ಇದೇ ಕಥೆ. ಒಳ್ಳೆಯ ಗಾಡಿಗೆ ಹಲವಾರು ಪದರ ಬಣ್ಣ, ಅದರ ಮೇಲೆ ವಾರ್ನಿಷ್. ಎಲ್ಲ ಮುಗಿಯಲು ವಾರಗಟ್ಟಲೆ ಹಿಡಿಯುತ್ತಿತ್ತು. ವಾರ್ನಿಷ್ ಹೊಡೆಯುವ ಕೋಣೆಯ ಕಿಟಕಿಗಳನ್ನು ಮುಚ್ಚಿ, ಧೂಳು ಏಳದಂತೆ ನೆಲಕ್ಕೆ ನೀರು ಚಿಮುಕಿಸುತ್ತಿದ್ದರು. ಆಗಲೂ ರಕ್ಷಣೆ ಸಲ್ಲುತ್ತಿದ್ದುದು ಬಣ್ಣಕ್ಕೆ.

ಬ್ರಷ್ಷಿನ ಕೈಯಿಂದ ಬಣ್ಣ ಗಾಳಿಯ ಕೈಗೆ ಬಂದದ್ದು ಮುಖ್ಯವಾಗಿ ಅಮೆರಿಕೆಯಲ್ಲಿ. 1870ರ ದಶಕದಲ್ಲಿ ಐಯೋವಾ ರಾಜ್ಯದ ಆಬ್ನರ್ ಪೀಲರ್ ಎಂಬಾತ ಗಾಳಿಯ ಒತ್ತಡದಿಂದ ಬಣ್ಣವನ್ನು ಸಣ್ಣಗೆ ಸಿಂಪಡಿಸುವ ಕೈ ಉಪಕರಣವೊಂದನ್ನು ರೂಪಿಸಿದ. ಇಂದಿನ ಏರ್‌ಬ್ರಷ್ಷಿನ ಮೂಲಪುರುಷ ಅದು. ಗೋಡೆಗೆ ಹೊಡೆಯುವಷ್ಟು ದೊಡ್ಡ ಯಂತ್ರ ಬಂದದ್ದು 1887ರ ಸುಮಾರಿಗೆ. ಷಿಕಾಗೋ ನಗರದ ಮಾರ್ಷಲ್ ಫೀಲ್ಡ್ ಎಂಬ ಬೃಹತ್ ಮಳಿಗೆಯಲ್ಲಿ ಕಟ್ಟಡಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಜೋಸೆಫ್ ಬಿಂಕ್ಸ್, ನೆಲಮಾಳಿಗೆಯ ಗೋಡೆಗಳಿಗೆ ಸುಣ್ಣ ಹೊಡೆಸಿ ಬೇಸತ್ತು, ಕೈಪಂಪಿನಿಂದ ಒತ್ತಡ ಕೊಟ್ಟು ಸಿಂಪಡಿಸುವ ಯಂತ್ರವನ್ನು ಮಾಡಿಕೊಂಡ.

ಅದೇ ಷಿಕಾಗೋದಲ್ಲಿ 1893ರಲ್ಲಿ ಕೊಲಂಬಸ್ ಸ್ಮರಣೆಯ ವಿಶ್ವಮೇಳ ನಡೆಯಿತು. ಈ ಮೇಳದ ಹೆಸರು ನಮಗೆ ಅಪರಿಚಿತವೇನಲ್ಲ. ಅದರ ಅಂಗವಾಗಿ ಸೇರಿದ ಸರ್ವಧರ್ಮ ಸಮ್ಮೇಳನದಲ್ಲಿಯೇ ಸ್ವಾಮಿ ವಿವೇಕಾನಂದರು ಸೆಪ್ಟೆಂಬರ್ 11ರಂದು ಮಾತನಾಡಿದ್ದು. ಆ ಪಾಠವನ್ನು ನಾನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ಆದರೆ ಆ ಮೇಳದ ಕಟ್ಟಡಗಳಿಗೆ ಬಣ್ಣ ಹೊಡೆದವರು ಯಾರು, ಹೇಗೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಗಾರೆ ಮತ್ತು ನಾರು ಕಲಸಿ ಅವಸರದಲ್ಲಿ ಎಬ್ಬಿಸಿದ ಆ ಭವ್ಯ ಮಂಟಪಗಳಿಗೆಲ್ಲ ಬಿಳಿಯ ಬಣ್ಣ ಹೊಡೆಯಬೇಕಿತ್ತು; ‘ಬಿಳಿಯ ನಗರ’ ಎಂದೇ ಮೇಳಕ್ಕೆ ಹೆಸರು ಬಂತು. ಬ್ರಷ್ಷಿನಿಂದ ಹೊಡೆಯುತ್ತ ಕುಳಿತರೆ ಉದ್ಘಾಟನೆಯ ವೇಳೆಗೆ ಕೆಲಸ ಮುಗಿಯುವಂತಿರಲಿಲ್ಲ. ಬಣ್ಣಗಾರಿಕೆಯ ಹೊಣೆ ಹೊತ್ತಿದ್ದ ಚಿತ್ರಕಾರ ಫ್ರಾನ್ಸಿಸ್ ಮಿಲೆಟ್, ಕೊಳವೆಗೆ ಮೂತಿ ಜೋಡಿಸಿ ಒತ್ತಡದ ಗಾಳಿಯಿಂದ ಬಣ್ಣ ಚಿಮ್ಮಿಸುವ ಏರ್ಪಾಡು ಮಾಡಿಸಿದ. ಬಿಂಕ್ಸನ ಯಂತ್ರಗಳೂ ಅಲ್ಲಿ ದುಡಿದವೆಂದು ಹೇಳುತ್ತಾರೆ. ಚಿಮ್ಮಿಸಿದ್ದು ಎಣ್ಣೆ ಮತ್ತು ಸೀಸದ ಬಿಳುಪು ಬೆರೆತ ಬಣ್ಣ. ಬಯಲಿನಲ್ಲಿ, ಸರೋವರದ ಗಾಳಿಯಲ್ಲಿ ಕೊಳವೆ ಹಿಡಿದು ನಿಂತ ಕೂಲಿಗಳ ಮೈಮುಖದ ಮೇಲೆ ಅದು ಎಷ್ಟು ಕೂತಿರಬಹುದೆಂದು ನಮ್ಮ ಪಕ್ಕದ ಮನೆಯ ಪಂಚೆಯನ್ನು ನೋಡಿದ ನಾನು ಊಹಿಸಬಲ್ಲೆ. ಮಿಲೆಟ್ ಮುಂದೆ 1912ರಲ್ಲಿ ಟೈಟಾನಿಕ್ ಹಡಗಿನೊಂದಿಗೆ ಮುಳುಗಿದ. ಅವನ ಹೆಸರು ಇತಿಹಾಸದಲ್ಲಿ ಉಳಿದಿದೆ.

ಈ ಕಥೆಯಲ್ಲಿ ನನ್ನನ್ನು ಅತ್ಯಂತ ಬೆರಗುಗೊಳಿಸಿದ್ದು ಒಂದು ತಂದೆ-ಮಗನ ಜೋಡಿ. ಒಹಾಯೋ ರಾಜ್ಯದ ಟೊಲೀಡೋ ನಗರದಲ್ಲಿ ಆಲನ್ ಡಿವಿಲ್‌ಬಿಸ್ ಎಂಬ ವೈದ್ಯರಿದ್ದರು. ಗಂಟಲುಬೇನೆಯ ರೋಗಿಗಳಿಗೆ ಔಷಧಿಯನ್ನು ಬತ್ತಿಯಿಂದ ಬಳಿಯುವ ಬದಲು ಮಂಜಿನಂತೆ ಸಿಂಪಡಿಸುವ ಉಪಕರಣವನ್ನು 1888ರಲ್ಲಿ ಅವರು ತಯಾರಿಸಿದರು. ರಬ್ಬರ್ ಬುರುಡೆಯನ್ನು ಹಿಸುಕಿದರೆ ಔಷಧ ಸಣ್ಣ ಹನಿಗಳಾಗಿ ಗಂಟಲಿನ ಆಳಕ್ಕೆ ಇಳಿಯುತ್ತಿತ್ತು. ಅವರ ಮಗ ಥಾಮಸ್ ಅದೇ ತತ್ವವನ್ನು ಬಳಸಿ 1907ರಲ್ಲಿ ಬಣ್ಣ ಹೊಡೆಯುವ ‘ಸ್ಪ್ರೇ ಗನ್’ ರೂಪಿಸಿದ. ತಂದೆಯ ಸಾಧನ ಗಂಟಲಿಗೆ ಔಷಧ ಇಳಿಸುತ್ತಿತ್ತು. ಅದೇ ಜಾಣ್ಮೆಯ ಮಗನ ಸಾಧನ, ಹಿಡಿದವನು ಎಚ್ಚರ ತಪ್ಪಿದರೆ, ಅದೇ ಗಂಟಲಿಗೆ ಬಣ್ಣ ಇಳಿಸಬಲ್ಲದಾಗಿತ್ತು. ಹನಿ ಸಣ್ಣದಾದಷ್ಟೂ ಉಸಿರಿನ ಜೊತೆ ಆಳಕ್ಕೆ ಹೋಗುತ್ತದೆ ಎಂಬ ನಿಯಮಕ್ಕೆ ಔಷಧವೂ ಒಂದೇ, ಬಣ್ಣವೂ ಒಂದೇ.

ಸ್ಪ್ರೇ ಗನ್ನಿಗೆ ನಿಜವಾದ ಸುಗ್ಗಿ ಬಂದದ್ದು ಮೋಟಾರು ಕಾರುಗಳ ಕಾಲದಲ್ಲಿ. 1920ರ ದಶಕದ ಆರಂಭದವರೆಗೂ ಬಹಳಷ್ಟು ಕಾರುಗಳಿಗೆ ಕುದುರೆಗಾಡಿಯ ಪದ್ಧತಿಯಲ್ಲೇ ಬಣ್ಣ ಹೊಡೆಯಲಾಗುತ್ತಿತ್ತು. ಕಾರಿನ ಇತರ ಕೆಲಸಗಳು ಬೇಗ ಮುಗಿದರೂ ಬಣ್ಣ ಒಣಗಲು ವಾರಗಳು ಬೇಕಾಗುತ್ತಿದ್ದವು. ಆಗ ಡ್ಯುಪಾಂಟ್ ಮತ್ತು ಜನರಲ್ ಮೋಟರ್ಸ್ ಸಂಸ್ಥೆಗಳ ಪ್ರಯತ್ನದಿಂದ ‘ಡ್ಯೂಕೋ’ ಎಂಬ ನೈಟ್ರೋಸೆಲ್ಯುಲೋಸ್ ಬಣ್ಣ ಬಂತು. 1924ರ ಮಾದರಿಯ ಓಕ್‌ಲ್ಯಾಂಡ್ ಕಾರು ಈ ಬಣ್ಣ ತೊಟ್ಟು ನೀಲಿಯಾಗಿ ಹೊರಬಿತ್ತು. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಆದರೆ ಈ ಬಣ್ಣ ಎಷ್ಟು ಬೇಗ ಒಣಗುತ್ತಿತ್ತೆಂದರೆ ಬ್ರಷ್ಷಿನಿಂದ ಎಳೆಯಲು ಸಮಯವೇ ಸಿಗುತ್ತಿರಲಿಲ್ಲ, ಸಿಂಪಡಿಸಿಯೇ ಹೊಡೆಯಬೇಕು. ಅದನ್ನು ತೆಳುಗೊಳಿಸುವ ದ್ರಾವಕಗಳು ಬೇಗ ಆವಿಯಾಗುತ್ತವೆ, ಬೇಗ ಹೊತ್ತಿಕೊಳ್ಳುತ್ತವೆ. ನೈಟ್ರೋಸೆಲ್ಯುಲೋಸ್ ಅಂತೂ ಸಿಡಿಹತ್ತಿಯ ದಾಯಾದಿ.

ಹೀಗಾಗಿ ಕಾರ್ಖಾನೆಗಳಲ್ಲಿ ಬಣ್ಣದ ಕೋಣೆ, ಅಂದರೆ ಸ್ಪ್ರೇ ಬೂತ್, ಅನಿವಾರ್ಯವಾಯಿತು. ಅದರ ರಚನೆಯನ್ನು ಸ್ವಲ್ಪ ವಿವರಿಸಬೇಕು. ಮೂರು ಕಡೆ ಗೋಡೆ, ಒಂದು ಕಡೆ ಬಾಯಿ. ಬಣ್ಣಗಾರ ಬಾಯಿಯ ಬಳಿ ನಿಲ್ಲುತ್ತಾನೆ. ವಸ್ತು ಅವನ ಮುಂದಿರುತ್ತದೆ. ಅದರ ಹಿಂದಿನ ಗೋಡೆಯಲ್ಲಿ ಗಾಳಿ ಹೀರುವ ಪಂಖ. ಶುದ್ಧ ಗಾಳಿ ಅವನ ಬೆನ್ನ ಕಡೆಯಿಂದ ಬಂದು, ವಸ್ತುವಿನ ಮೇಲೆ ಹಾಯ್ದು, ಹೆಚ್ಚಾದ ಬಣ್ಣವನ್ನು ಎತ್ತಿಕೊಂಡು ಹಿಂದಕ್ಕೆ ಹೋಗುತ್ತದೆ. ಅಲ್ಲಿ ಜರಡಿಯಂಥ ಫಿಲ್ಟರೋ, ಸದಾ ಸುರಿಯುವ ನೀರಿನ ಪರದೆಯೋ ಬಣ್ಣವನ್ನು ಹಿಡಿದುಕೊಳ್ಳುತ್ತದೆ. ಬೂತಿನ ಬಾಯಲ್ಲಿ ಗಾಳಿ ನಿಮಿಷಕ್ಕೆ ಸುಮಾರು 100 ಅಡಿ ವೇಗದಲ್ಲಿ ಚಲಿಸಬೇಕೆಂದು ಅಮೆರಿಕೆಯ ನಿಯಮ ಹೇಳುತ್ತದೆ. ಇದು ಬಿರುಗಾಳಿಯಲ್ಲ, ಆರಾಮವಾಗಿ ನಡೆಯುವವನ ಅರ್ಧ ವೇಗವೂ ಅಲ್ಲ. ಬಣ್ಣದ ಹಾದಿ ಕೆಡಿಸದಷ್ಟು ಮೆಲ್ಲಗೆ, ಮಂಜನ್ನು ನಿಲ್ಲಗೊಡದಷ್ಟು ಬಿಡದೆ ಬೀಸುವ ಗಾಳಿ. ಬೆಂಕಿಯ ಭಯದಿಂದ ಹುಟ್ಟಿದ ಈ ಏರ್ಪಾಡಿನಲ್ಲಿ ಬಣ್ಣಗಾರನ ಶ್ವಾಸಕೋಶಕ್ಕೂ ಜಾಗ ಸಿಕ್ಕಿತು. ನನ್ನ ವಿದ್ಯಾರ್ಥಿ ಕ್ಲಿಪ್ಪು ಕಿತ್ತು ತೋರಿಸಿದ್ದು ಇದೇ ಪಾಠವನ್ನು.

ಬಣ್ಣಗಾರರ ರೋಗಗಳು ಅದಕ್ಕೂ ಮೊದಲು ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಿತ್ತು. ಇಟಲಿಯ ವೈದ್ಯ ಬರ್ನಾರ್ದಿನೋ ರಾಮಾಝಿನಿ 1700ರಲ್ಲಿಯೇ ಕಸುಬುದಾರರ ರೋಗಗಳನ್ನು ಕುರಿತು ಒಂದು ಗ್ರಂಥ ಬರೆದ. ಅದರಲ್ಲಿ ಚಿತ್ರಕಾರರ ಬಗೆಗೂ ಒಂದು ಅಧ್ಯಾಯವಿದೆ. ಅವರು ಬಿಳಿಚಿಕೊಂಡು ಸೊರಗಲು ಬಣ್ಣದಲ್ಲಿರುವ ಸೀಸ, ಪಾದರಸಗಳೇ ಕಾರಣವೆಂದು ಆತ ಶಂಕಿಸಿದ. ರೋಗಿಯನ್ನು ನೋಡುವಾಗ ವೈದ್ಯನಾದವನು ಕೇಳುವ ವಾಡಿಕೆಯ ಪ್ರಶ್ನೆಗಳ ಜೊತೆಗೆ ‘ನಿನ್ನ ಕಸುಬೇನು?’ ಎಂಬುದನ್ನೂ ಕೇಳಬೇಕೆಂಬುದು ಆತನ ಪ್ರಸಿದ್ಧವಾದ ಸಲಹೆ. ಸೀಸದ ಬಿಳುಪನ್ನು ಕಟ್ಟಡಗಳ ಒಳಗೋಡೆಗೆ ಬಳಸುವುದನ್ನು ನಿಷೇಧಿಸುವ ಅಂತಾರಾಷ್ಟ್ರೀಯ ಒಪ್ಪಂದವೊಂದು ಜಿನೀವಾದಲ್ಲಿ ರೂಪುಗೊಂಡದ್ದು 1921ರಲ್ಲಿ. ನಮ್ಮ ದೇಶದಲ್ಲಿ ಮನೆಗಳಿಗೆ ಬಳಸುವ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ 2016ರಲ್ಲಿ ಬಂದು, 2017ರ ನವೆಂಬರಿನಿಂದ ಜಾರಿಯಾಯಿತು. ರಾಮಾಝಿನಿಯಿಂದ ಇಲ್ಲಿಗೆ ಮುನ್ನೂರು ವರ್ಷ ಮೀರಿತು.

ಇನ್ನು ನಮ್ಮ ಮೊಮ್ಮಗನ ಡಬ್ಬಿಯ ವಂಶಾವಳಿ. ಅನಿಲದ ಒತ್ತಡದಿಂದ ದ್ರವವನ್ನು ಚಿಮ್ಮಿಸುವ ಡಬ್ಬಿಯನ್ನು 1920ರ ದಶಕದಲ್ಲಿ ಕಲ್ಪಿಸಿದವನು ನಾರ್ವೆಯ ಎಂಜಿನಿಯರ್ ಎರಿಕ್ ರೋಥೈಮ್. ಎರಡನೆಯ ಮಹಾಯುದ್ಧದಲ್ಲಿ ಸೈನಿಕರನ್ನು ಮಲೇರಿಯಾ ಸೊಳ್ಳೆಗಳಿಂದ ಕಾಪಾಡಲು ಅಮೆರಿಕೆಯ ಕೃಷಿ ಇಲಾಖೆಯ ಗುಡ್‌ಹ್ಯೂ ಮತ್ತು ಸಲಿವಾನ್ ಎಂಬ ವಿಜ್ಞಾನಿಗಳು ಕೀಟನಾಶಕದ ಡಬ್ಬಿಯನ್ನು ತಯಾರಿಸಿದರು. ಇದನ್ನು ಓದಿದಾಗ ನನ್ನ ಬಾಲ್ಯದಲ್ಲಿ ಬೆನ್ನಿಗೆ ಪಂಪು ಹೊತ್ತು ಬರುತ್ತಿದ್ದ ‘ಮಲೇರಿಯಾದವರು’ ನೆನಪಾದರು. ಮನೆಯ ಗೋಡೆಗಳಿಗೆಲ್ಲ ಡಿ.ಡಿ.ಟಿ. ಹೊಡೆದು, ಬಾಗಿಲ ಬಳಿ ತಾರೀಖು ಬರೆದು ಹೋಗುತ್ತಿದ್ದರು. ನಾವು ಮಕ್ಕಳು ಆ ವಾಸನೆಯನ್ನು ಕುಡಿಯುತ್ತ ಅವರ ಹಿಂದೆ ಕುಣಿಯುತ್ತಿದ್ದೆವು!

ಡಬ್ಬಿಯಲ್ಲಿ ಬಣ್ಣವನ್ನು ತುಂಬಿದವನು ಇಲಿನಾಯ್ ರಾಜ್ಯದ ಸಿಕಮೋರ್ ಎಂಬ ಊರಿನ ಬಣ್ಣದ ವ್ಯಾಪಾರಿ ಎಡ್ವರ್ಡ್ ಸೀಮೋರ್, ವರ್ಷ 1949. ಮನೆ ಬೆಚ್ಚಗಿಡುವ ರೇಡಿಯೇಟರುಗಳಿಗೆ ಬಳಿಯುವ ಅಲ್ಯುಮಿನಿಯಂ ಬಣ್ಣವನ್ನು ಪ್ರದರ್ಶಿಸಲು ಸುಲಭ ದಾರಿ ಹುಡುಕುತ್ತಿದ್ದಾಗ, ಡಬ್ಬಿಯಲ್ಲಿ ತುಂಬಿ ನೋಡಬಾರದೇಕೆ ಎಂದು ಸೂಚಿಸಿದವಳು ಅವನ ಪತ್ನಿ ಬಾನಿ. ಬಣ್ಣ ಕಲಕಲು ಡಬ್ಬಿಯೊಳಗೊಂದು ಗುಂಡು. ಅಲ್ಲಾಡಿಸಿದಾಗ ಗಡಗಡ ಎನ್ನುವುದು ಅದೇ. ಸ್ಪ್ರೇ ಗನ್ನು, ಗಾಳಿಯಂತ್ರ, ಕೊಳವೆ ಎಲ್ಲವೂ ಅಂಗೈಯಗಲದ ಡಬ್ಬಿಗೆ ಇಳಿದವು. ಇಳಿಯದೆ ಉಳಿದದ್ದು ಬೂತ್ ಒಂದೇ. ಕಾರ್ಖಾನೆಯಲ್ಲಿ ಪಂಖ, ಫಿಲ್ಟರುಗಳ ನಡುವೆ ನಡೆಯುತ್ತಿದ್ದ ಕೆಲಸ, ಅವು ಯಾವುವೂ ಇಲ್ಲದ ಮನೆಯಂಗಳಕ್ಕೆ ಬಂದುಬಿಟ್ಟಿತು.

ಆರಂಭದ ಡಬ್ಬಿಗಳಲ್ಲಿ ಬಣ್ಣವನ್ನು ತಳ್ಳುತ್ತಿದ್ದ ಸಿ.ಎಫ್‌.ಸಿ. ಅನಿಲಗಳು ಹೊತ್ತಿಕೊಳ್ಳುವಂಥವಲ್ಲ. ಆದರೆ ಅವು ಆಕಾಶದ ಓಝೋನ್ ಪದರವನ್ನು ತಿನ್ನಬಲ್ಲವೆಂದು ಮೊಲಿನಾ ಮತ್ತು ರೋಲಂಡ್ 1974ರಲ್ಲಿ ಎಚ್ಚರಿಸಿದರು. ಅಮೆರಿಕೆ 1978ರಲ್ಲಿ ಬಹುತೇಕ ಸ್ಪ್ರೇ ಡಬ್ಬಿಗಳಲ್ಲಿ ಅವುಗಳನ್ನು ನಿಷೇಧಿಸಿತು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಅವುಗಳ ಜಾಗಕ್ಕೆ ಬಂದವುಗಳಲ್ಲಿ ಪ್ರೊಪೇನ್, ಬ್ಯುಟೇನ್ ಮುಖ್ಯವಾದವು. ಅಂದರೆ ನಮ್ಮ ಅಡುಗೆ ಅನಿಲದ ಸಂಬಂಧಿಕರು. ಭೂಮಿಯ ಛಾವಣಿಯನ್ನು ಉಳಿಸಿಕೊಂಡೆವು, ಒಳ್ಳೆಯದೇ. ಆದರೆ ಮುಚ್ಚಿದ ಗುಡಾರದಲ್ಲಿ ಇಂಥ ಡಬ್ಬಿಯನ್ನು ಖಾಲಿ ಮಾಡುವುದೆಂದರೆ ಒಲೆ ಹಚ್ಚದೆ ಸಿಲಿಂಡರ್ ತಿರುಗಿಸಿದಂತೆ. ಅಂದು ನಾನು ಕುಳಿತಿದ್ದುದು ಎಂಥ ಜಾಗದಲ್ಲಿ ಎಂದು ತಿಳಿದಾಗ ಮೈ ಜುಮ್ಮೆಂದಿತು. ಪುಣ್ಯಕ್ಕೆ ನಮ್ಮ ಮನೆಯಾಕೆ ತುಳಸಿಕಟ್ಟೆಯ ದೀಪ ಹಚ್ಚುವುದು ಸಂಜೆಗೆ.

ಈಗ ನನ್ನ ವಿದ್ಯಾರ್ಥಿಯ ಕೆಮ್ಮಿಗೆ ಬರುತ್ತೇನೆ. ಕಾಫಿ ಕುಡಿಯುತ್ತ ಆತ ನಿಧಾನವಾಗಿ ಹೇಳಿದ. ಅವನು ದುಡಿಯುತ್ತಿದ್ದ ಗ್ಯಾರೇಜಿನ ಹಿಂದೆ ತಗಡಿನ ಶೆಡ್ಡು. ಬಣ್ಣ ಹೊಡೆಯುವ ಮುನ್ನ ನೆಲಕ್ಕೆ ನೀರು ಹಾಕಿ, ಸುತ್ತ ಪ್ಲಾಸ್ಟಿಕ್ ಕಟ್ಟುವುದು ಕ್ರಮ. “ಧೂಳು ಕೂತ್ರೆ ಗಿರಾಕಿ ಬೈತಾರೆ ಅಂತ ಬಾಗ್ಲು ಹಾಕ್ಕೊಂಡೇ ಹೊಡೀತಿದ್ವಿ ಸಾರ್. ಮೂಗಿಗೆ ಕರ್ಚೀಫು. ಸಂಜೆ ಒಂದು ಅಚ್ಚು ಬೆಲ್ಲ ತಿಂದ್ರೆ ಎದೆ ಕ್ಲೀನಾಗ್ತದೆ ಅಂತಿದ್ರು ಮಾಲೀಕರು. ಇಪ್ಪತ್ತು ವರ್ಷ ಬೆಲ್ಲ ತಿಂದಿದೀನಿ.” ಮೊದಲು ರಾತ್ರಿ ಹೊತ್ತು ಸಣ್ಣ ಕೆಮ್ಮು, ಭಾನುವಾರ ಕಡಿಮೆ, ಸೋಮವಾರ ಮತ್ತೆ. ಬಳಿಕ ಉಬ್ಬಸ. ಮೂವರು ಡಾಕ್ಟರುಗಳು ಧೂಳಿನ ಅಲರ್ಜಿಯೆಂದು ಔಷಧಿ ಕೊಟ್ಟರಂತೆ. ನಾಲ್ಕನೆಯವರು ಮಾತ್ರ, ಎದೆಗೆ ಸ್ಟೆತಾಸ್ಕೋಪ್ ಇಡುವ ಮೊದಲೇ, “ಏನು ಕೆಲಸ ಮಾಡ್ತೀರಿ?” ಎಂದು ಕೇಳಿದರಂತೆ.

ರಾಮಾಝಿನಿಯ ಪ್ರಶ್ನೆ! ಅದು ನನ್ನ ಹಳೆಯ ವಿದ್ಯಾರ್ಥಿಯನ್ನು ತಲಪಲು ಮೂರು ಶತಮಾನವೂ ಮೂವರು ಡಾಕ್ಟರುಗಳೂ ಬೇಕಾದರು.

ಕಾರುಗಳಿಗೆ ಹೊಡೆಯುವ ಪಿ.ಯು. ಬಣ್ಣಕ್ಕೆ ಎರಡು ಡಬ್ಬಿ: ಒಂದರಲ್ಲಿ ಬಣ್ಣ, ಇನ್ನೊಂದರಲ್ಲಿ ಗಟ್ಟಿಮಾಡುವ ಹಾರ್ಡನರ್. ಈ ಹಾರ್ಡನರಿನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕಗಳಿರುತ್ತವೆ. ಅಪಾಯದ ಮಟ್ಟ ಮುಟ್ಟಿದರೂ ಅವುಗಳ ವಾಸನೆ ತಿಳಿಯದೆ ಹೋಗಬಹುದು. ಕೆಲವರ ದೇಹ ಅವುಗಳಿಗೆ ಒಮ್ಮೆ ಮುನಿಸಿಕೊಂಡಿತೆಂದರೆ, ಆಮೇಲೆ ಎಳ್ಳಷ್ಟು ಸೋಕಿದರೂ ಉಬ್ಬಸ ಬರುತ್ತದೆ. ಕರ್ಚೀಫು ಆವಿಯನ್ನು ತಡೆಯಲಾರದು, ಬೆಲ್ಲ ಶ್ವಾಸಕೋಶವನ್ನು ತೊಳೆಯಲಾರದು. ಇಂಥ ಬಣ್ಣಕ್ಕೆ ಸರಿಯಾದ ಬೂತ್ ಮತ್ತು ಹೊರಗಿನಿಂದ ಕೊಳವೆಯಲ್ಲಿ ಶುದ್ಧ ಗಾಳಿ ತರುವ ಮುಖವಾಡವೇ ಬೇಕು. ಡಾಕ್ಟರ ಮಾತಿನಂತೆ ಆತ ಬಣ್ಣದ ಕೆಲಸ ಬಿಟ್ಟು, ಈಗ ಮಗನ ಜೊತೆ ಟೈರು ಅಂಗಡಿ ನಡೆಸುತ್ತಿದ್ದಾನೆ. “ತಡವಾಯ್ತು ಸಾರ್, ಆದ್ರೂ ಮಗಳ ಮದ್ವೆ ನೋಡ್ತಿದೀನಲ್ಲ” ಎಂದು ನಕ್ಕ.

ಅವನನ್ನು ನಪಾಸು ಮಾಡಿದ ಪತ್ರಿಕೆಗಳಲ್ಲಿ ನನ್ನ ಸಮಾಜ ವಿಜ್ಞಾನವೂ ಒಂದು. ಪಾಣಿಪತದ ಮೂರು ಯುದ್ಧಗಳ ಇಸವಿಗಳನ್ನು ಆತ ಬರೆಯಲಿಲ್ಲವೆಂದು ನಾನು ಕೆಂಪು ಶಾಯಿಯಲ್ಲಿ ಗೀಟು ಹಾಕಿದ್ದೆ. ಕೈಗಾರಿಕಾ ಕ್ರಾಂತಿಯ ಪಾಠದಲ್ಲಿ ಯಂತ್ರಗಳ ಹೆಸರು, ಅವುಗಳನ್ನು ಕಂಡುಹಿಡಿದವರ ಹೆಸರು ಬಾಯಿಪಾಠ ಮಾಡಿಸಿದೆ. ಆ ಯಂತ್ರದ ಮುಂದೆ ನಿಲ್ಲುವವನು ಯಾವ ಗಾಳಿಯನ್ನು ಉಸಿರಾಡುತ್ತಾನೆ ಎಂಬುದೂ ಇತಿಹಾಸವೇ, ಅದನ್ನು ಹೇಳಿರಲಿಲ್ಲ. ನನ್ನ ತರಗತಿಯಿಂದ ಗ್ಯಾರೇಜಿಗೆ, ಬಣ್ಣದಂಗಡಿಗೆ, ವೆಲ್ಡಿಂಗ್ ಶೆಡ್ಡಿಗೆ ಹೋದ ಹುಡುಗರು ಅವನೊಬ್ಬನೇ ಅಲ್ಲ.

ನಮ್ಮ ಚನ್ನಪಟ್ಟಣದ ಕುಶಲಕರ್ಮಿಗಳನ್ನು ಇಲ್ಲಿ ನೆನೆಯಬೇಕೆನಿಸುತ್ತದೆ. ತಿರುಗುವ ಮರದ ಗೊಂಬೆಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಗಾಳಿಗೆ ಹಾರುವ ಬಣ್ಣದ ಮಂಜು ಅಲ್ಲಿಲ್ಲ. ಹಳೆಯ ಮಾದರಿಯ ಸ್ಪ್ರೇ ಗನ್ನಿನಲ್ಲಾದರೋ ಎಷ್ಟೋ ವೇಳೆ ಅರ್ಧಕ್ಕಿಂತ ಹೆಚ್ಚು ಬಣ್ಣ ವಸ್ತುವನ್ನು ಮುಟ್ಟದೆ ಗಾಳಿಯ ಪಾಲಾಗುತ್ತದೆ. ಎಲ್ಲ ವಸ್ತುವನ್ನೂ ಕಡೆಯುವ ಯಂತ್ರಕ್ಕೆ ಸಿಕ್ಕಿಸಲಾಗದು, ನಿಜ. ಆದರೂ ಸ್ಪ್ರೇ ಎಂಬುದು ವೇಗಕ್ಕಾಗಿ ನಾವು ಒಪ್ಪಿಕೊಂಡ ಒಂದು ದುಂದು, ಆ ದುಂದು ಹೋಗಿ ಸೇರುವುದು ಹತ್ತಿರದಲ್ಲಿರುವವನ ಎದೆಯನ್ನು ಎಂಬುದನ್ನು ಮರೆಯಬಾರದು.

ಅಂದು ಮಧ್ಯಾಹ್ನ ವಿದ್ಯಾರ್ಥಿಯ ಮಾರ್ಗದರ್ಶನದಲ್ಲಿ ಗುಡಾರ ಮರುಹುಟ್ಟು ಪಡೆಯಿತು. ಆತ ಜಗಲಿಯ ಮೇಲೆ, ದೂರದಲ್ಲಿ ಕುಳಿತು ಹೇಳಿದ, ನಾವು ಮಾಡಿದೆವು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೆಂದು ಒಂದು ದಾರದ ತುಂಡನ್ನು ಕೋಲಿಗೆ ಕಟ್ಟಿ ನೋಡಿದೆವು. ಗುಡಾರದ ಬಾಯಿ ಗಾಳಿ ಬರುವ ಕಡೆಗೆ. ಹಿಂಭಾಗದಲ್ಲಿ ಪ್ಲಾಸ್ಟಿಕ್ ಬದಲು ನಮ್ಮ ಮನೆಯಾಕೆಯ ಹಳೆಯ ವಾಯಿಲ್ ಸೀರೆಯನ್ನು ಒಂದೇ ಪದರವಾಗಿ ಇಳಿಬಿಟ್ಟೆವು. ಗಾಳಿ ಹಾಯುತ್ತದೆ, ಹಾರಿದ ಬಣ್ಣದ ಹೆಚ್ಚಿನ ಪಾಲು ಬಟ್ಟೆಗೆ ಅಂಟುತ್ತದೆ, ಪಂಚೆಗಳು ಪಾರಾಗುತ್ತವೆ. ನಾನು ಮೇಜಿನ ಫ್ಯಾನು ತರಲು ಹೊರಟೆ. ಆತ ಕೂಡಲೇ ತಡೆದ: “ಬೇಡಿ ಸಾರ್, ಅದರ ಮೋಟ್ರು ಕಿಡಿ ಹಾರಿಸ್ತದೆ. ದೇವರು ಕೊಟ್ಟಿರೋ ಗಾಳಿ ಸಾಕು.” ನೆಲಕ್ಕೆ ನೀರು ಚಿಮುಕಿಸಿದೆವು. ಗುಬ್ಬಿಮನೆಯನ್ನು ಹಳೆಯ ತಿರುಗುಮಣೆಯ ಮೇಲಿಟ್ಟೆವು; ನಾವು ಸುತ್ತುವ ಬದಲು ಅದನ್ನೇ ತಿರುಗಿಸಿದರಾಯಿತು. ಡಬ್ಬಿ ಗೇಣಿಗಿಂತ ತುಸು ದೂರ. ವಸ್ತುವಿನ ಆಚೆಯಿಂದ ಒತ್ತಲು ಆರಂಭಿಸಿ ಈಚೆಗೆ ದಾಟಿದ ಮೇಲೆ ಬಿಡಬೇಕು. ಒಂದೇ ದಪ್ಪ ಪದರದ ಬದಲು ಮೂರು ತೆಳು ಪದರ. ನಡುವೆ ಒಣಗಲು ಬಿಡುವು. ಮಳೆಗಾಲದ ತೇವದಲ್ಲಿ ಹೊಡೆದರೆ ಕೆಲವು ಬಣ್ಣಗಳು ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತವೆಯಂತೆ. ದ್ರಾವಕ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುವುದೇ ಕಾರಣ. ಇಷ್ಟು ವಿಜ್ಞಾನವನ್ನು ಆತ ನಮ್ಮ ಶಾಲೆಯಲ್ಲಿ ಕಲಿತಿರಲಿಲ್ಲ.

ನಾವಿಬ್ಬರೂ ಗುಡಾರದ ಹೊರಗೇ, ಗಾಳಿಗೆ ಬೆನ್ನು ಕೊಟ್ಟು ನಿಂತು, ಕೈಯನ್ನು ಮಾತ್ರ ಒಳಗೆ ಚಾಚಿದೆವು. ಮರುದಿನ ವಿದ್ಯಾರ್ಥಿಯ ಮಗ ಬಂದು ಇದ್ದಿಲಿನ ಡಬ್ಬಿಗಳಿರುವ ಒಂದು ಮುಖವಾಡವನ್ನು ಕೊಟ್ಟುಹೋದ. “ಅಪ್ಪ ಕಳ್ಸಿದ್ರು, ಹೊಸದು, ಡಬ್ಬಿ ಕಳಚಿ ಬದಲಾಯಿಸ್ತಿರಬೇಕಂತೆ” ಎಂದ. ಇಂಥದೊಂದು ತನಗೆ ಸಿಗದ ಕಾಲದಲ್ಲಿ ದುಡಿದವನು ನನಗಾಗಿ ಕಳಿಸಿದ್ದ. ಅದನ್ನು ಹಾಕಿಕೊಂಡ ತಾತನನ್ನು ನೋಡಿ ಮೊಮ್ಮಗ ಆನೆಯೆಂದು ನಕ್ಕ. ಮುಂದಿನ ಪದರ ಹೊಡೆಯುವಾಗ ಆನೆಯ ಸರದಿ ತನ್ನದೆಂದು ಕೇಳಿದ. ಮುಖವಾಡ ಅವನ ಪುಟ್ಟ ಮುಖಕ್ಕೆ ಸರಿಯಾಗಿ ಕೂರಲಿಲ್ಲ. ಆದ್ದರಿಂದ ಡಬ್ಬಿಯನ್ನು ಅವನ ಕೈಗೆ ಕೊಡಲಿಲ್ಲ. ತಿರುಗ‌ುಮಣೆಯನ್ನು ಉದ್ದ ಕೋಲಿನಿಂದ ತಿರುಗಿಸುವ ಅಧಿಕಾರ ಕೊಟ್ಟು ಸಮಾಧಾನ ಮಾಡಿದೆ.

ಮದುವೆಗೆ ಹೋಗಿ ಬಂದೆವು. ವಧುವಿನ ತಂದೆ ಛತ್ರದ ಬಾಗಿಲಲ್ಲಿ ನಿಂತು ಎಲ್ಲರನ್ನೂ ಬರಮಾಡಿಕೊಳ್ಳುತ್ತಿದ್ದ. ಹೋಮದ ಹೊಗೆ ಏಳುವಾಗ ಮಾತ್ರ ಎದ್ದು ಅಂಗಳಕ್ಕೆ ಬಂದು, ನನ್ನ ಪಕ್ಕದ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕುಳಿತ. ನಾವಿಬ್ಬರೂ ಹೆಚ್ಚು ಮಾತನಾಡಲಿಲ್ಲ.

ಗುಬ್ಬಿಮನೆ ಈಗ ನಮ್ಮ ಸೀಬೆಮರದಲ್ಲಿ ತೂಗುತ್ತಿದೆ. ಗುಬ್ಬಿಯೇನೂ ಬಂದಿಲ್ಲ, ಅಳಿಲೊಂದು ಬಂದು ನೋಡಿಕೊಂಡು ಹೋಗುತ್ತದೆ. ನಿಮ್ಮ ಮನೆಯಲ್ಲಿಯೂ ಇಂಥ ಕೆಲಸಗಳು ನಡೆಯುತ್ತಿದ್ದರೆ ಗುಡಾರದ ಹಿಂಬಾಗಿಲನ್ನು ತೆರೆದಿಡಿ. ನಿಮ್ಮ ಬೀದಿಯ ಗ್ಯಾರೇಜಿನಲ್ಲಿ ಯಾವನಾದರೂ ಹುಡುಗ ಬಾಗಿಲು ಹಾಕಿಕೊಂಡು ಬಣ್ಣ ಹೊಡೆಯುತ್ತಿದ್ದರೆ, ಒಂದು ಗಳಿಗೆ ನಿಂತು, ಮುಖವಾಡವಿದೆಯೇನಪ್ಪಾ ಎಂದು ಕೇಳಿ. ನಾನು ಈಗ ದಿನಾ ಸಂಜೆಯ ವಾಯುವಿಹಾರದಲ್ಲಿ ಕೇಳುತ್ತಿದ್ದೇನೆ. ಕೆಲವರು ನಗುತ್ತಾರೆ, ಒಬ್ಬಿಬ್ಬರು, ಅದು ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದ್ದಾರೆ.